ಕರಟಕ್ಕೆ ನಾಲ್ಕನೆಯ ಕಣ್ಣು

ವಿನಯವನ್ನು ಕಲಿಸುವುದು ನನ್ನ ಉದ್ಯೋಗ; ವಿನಯದಿಂದ ಇರುವುದು ಅದರಲ್ಲಿ ಸೇರಿಲ್ಲ. ಬೀರೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುವ ನಾನು ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ಎಷ್ಟು ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೋ ಆ ದೇವರೇ ಬಲ್ಲ. ಆದರೆ ಆ ಗಾದೆ ಕಟ್ಟಿದವರು ಯಾರೋ ಗಂಡಸರೇ ಇರಬೇಕೆಂದು ನನ್ನ ಗುಮಾನಿ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಬೀದಿ ದಾಟಿದ್ದರೆ ಅದು ಹೇಗೆ ತುಳುಕುತ್ತದೆ, ಸೀರೆ ಎಲ್ಲಿಯವರೆಗೆ ನೆನೆಯುತ್ತದೆ ಎಂಬುದು ಅವರಿಗೂ ಗೊತ್ತಾಗುತ್ತಿತ್ತು. ಆದ್ದರಿಂದ ನಾನು ತುಳುಕಿಯೇ ಬಿಡುತ್ತೇನೆ. ನಾನು ಬಹಳ ಒಳ್ಳೆಯ ಗುರಿಗಾರ್ತಿ. ನನ್ನ ಕೈಗೆ ಒಂದು ಏರ್‌ಗನ್ನು ಕೊಟ್ಟು, ಹಿತ್ತಿಲಿನ ಆ ತುದಿಯಲ್ಲಿ ಒಂದು ತೆಂಗಿನ ಕರಟ ನೇತುಹಾಕಿ ನೋಡಿ, ಆಮೇಲೆ ಮಾತಾಡಿ. ನಮ್ಮೂರು ಅಜ್ಜಂಪುರದಲ್ಲಿ ಇದನ್ನು ಒಪ್ಪದವರು ಈಗ ಯಾರೂ ಇಲ್ಲ. ಕಡೂರಿನಲ್ಲಿ ಒಬ್ಬರಿದ್ದಾರೆ, ಅವರ ವಿಷಯಕ್ಕೆ ಬರುತ್ತೇನೆ.

ನಾನು ಮದುವೆಯಾಗಿ ಬಂದ ಮನೆಗೆ ಊರಿನಲ್ಲಿ ‘ಕೋವಿಯೋರ ಮನೆ’ ಎಂದೇ ಹೆಸರು. ನಮ್ಮ ಯಜಮಾನರ ತಾತನ ಬಳಿ ಒಂಟಿ ನಳಿಗೆಯ ಕೋವಿಯೊಂದಿತ್ತಂತೆ. ಆ ಕಾಲಕ್ಕೆ ಕೇಳುವವರು ಯಾರೂ ಇರಲಿಲ್ಲ. ಶಿವನಿ ಕಡೆಯ ಕುರುಚಲು ಕಾಡಿನಲ್ಲಿ ಮೊಲ, ಕೌಜುಗ, ಬುರ್ಲಿ ಹಕ್ಕಿ ಹೊಡೆದು ತರುತ್ತಿದ್ದರಂತೆ. ಈ ‘ಅಂತೆ’ಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ನಾನು ಬಂದ ಹೊಸದರಲ್ಲಿ ತಾತ ಒಂದೇ ಏಟಿಗೆ ಒಂದು ಮೊಲ ಹೊಡೆದಿದ್ದರು. ನನಗೆ ಮಗಳು ಹುಟ್ಟುವ ಹೊತ್ತಿಗೆ ಅದೇ ಏಟಿಗೆ ಎರಡು ಮೊಲ ಬಿದ್ದಿದ್ದವು. ಆ ಮಗಳ ಮದುವೆಯಲ್ಲಿ ನಮ್ಮವರು ಬೀಗರ ಮುಂದೆ ಕೂತು ಹೇಳುವಾಗ ಮೊಲಗಳ ಜೊತೆಗೆ ಮೇಲೆ ಹಾರಿ ಹೋಗುತ್ತಿದ್ದ ಒಂದು ಕೌಜುಗವೂ ಸೇರಿಕೊಂಡಿತ್ತು. ನಾನು ಪಾಯಸ ಬಡಿಸುತ್ತಾ, “ತಡೀರಿ, ಮೊಮ್ಮಗು ಹುಟ್ಟೋ ಹೊತ್ಗೆ ಚಿರತೆನೂ ಬೀಳ್ತದೆ” ಅಂದೆ. ಬೀಗರು ಬಿದ್ದು ಬಿದ್ದು ನಕ್ಕರು. ನಮ್ಮವರು ಮದುವೆ ಮುಗಿದು ಚಪ್ಪರ ಬಿಚ್ಚುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ತಾತ ಹೋದ ಮೇಲೆ ಲೈಸೆನ್ಸು ಯಾರ ಹೆಸರಿಗೂ ಆಗದೆ ಕೋವಿ ಪೊಲೀಸ್ ಠಾಣೆ ಸೇರಿತ್ತು. ಮನೆಗೆ ಉಳಿದದ್ದು ಹೆಸರು ಮಾತ್ರ.

ಹೆಸರಿನ ಜೊತೆಗೆ ಒಂದು ಪದ್ಧತಿಯೂ ಉಳಿದಿತ್ತು ಅನ್ನಿ. ವಿಜಯದಶಮಿಯ ದಿನ ಬಾಳೆಕಂದು ನೆಟ್ಟು ಅಂಬು ಹೊಡೆಯುವುದು ನಮ್ಮ ಸೀಮೆಯಲ್ಲಿ ಇದ್ದದ್ದೇ. ನಮ್ಮ ಮನೆಯಲ್ಲಿ ಊರಿನದಕ್ಕಿಂತ ಮೊದಲು ಮನೆಯದು ಆಗಬೇಕು. ಹಿತ್ತಿಲಲ್ಲಿ ಒಂದು ಬಾಳೆಕಂದು ನೆಟ್ಟು, ಹಿಂದಿನ ದಿನ ಆಯುಧಪೂಜೆಗೆ ಒಡೆದ ಕಾಯಿಯ ಕರಟವನ್ನು ಅದರ ಮುಂದೆ ದಾರದಲ್ಲಿ ಇಳಿಬಿಟ್ಟು, ಮನೆಯವರೊಬ್ಬರು ಕೋವಿಯಿಂದ ಹೊಡೆಯಬೇಕು. ಹೊಡೆಯುವವರು ಅಲ್ಲಿಯವರೆಗೆ ಉಪವಾಸ. ಕರಟ ಉರುಳಿದ ಮೇಲೆಯೇ ಎಲ್ಲರಿಗೂ ಎಲೆ. ಕೋವಿ ಹೋದ ಮೇಲೆ ಬಾಳೆಕಂದನ್ನು ಕುಡುಗೋಲಿನಲ್ಲಿ ಕಡಿದು ಶಾಸ್ತ್ರ ಮುಗಿಸುತ್ತಿದ್ದರು. ಕಡೂರಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವನವರಿಗೆ, ಎಂದರೆ ಯಜಮಾನರ ದೊಡ್ಡಪ್ಪನ ಮಗನಿಗೆ, ಇದರ ಮೇಲೆ ಬಹಳ ದಿನದಿಂದ ಕಣ್ಣು. ನಮ್ಮ ಮಗಳ ಮದುವೆಯಲ್ಲಿಯೇ ಶುರು ಮಾಡಿದರು. “ಕೋವಿನೇ ಇಲ್ದಿರೋ ಮನೇಲಿ ಕೋವಿ ಹಬ್ಬ ಯಾಕೋ ಮಹೇಶ? ಹಿರೇ ಮಗನ ಮಗ ನಾನು. ಕಡೂರಲ್ಲಿ ಮನೆ ಮುಂದೆ ಜಾಗ ಐತೆ, ಶಾಮಿಯಾನ ಹಾಕ್ಸಿ ಭರ್ಜರಿಯಾಗ್ ಮಾಡನ.” ಮೊದಲೇ ನನ್ನ ಮೇಲೆ ಉರಿದುಕೊಂಡಿದ್ದ ನಮ್ಮವರು ಎದೆಯುಬ್ಬಿಸಿ, “ಬರೋ ದಸರಾಕ್ಕೆ ಗುಂಡಲ್ಲೇ ಹೊಡಿತೀನಿ ಕಣಣ್ಣಾ. ಮೂರೇಟಲ್ಲಿ ಕರಟ ಬೀಳ್ಲಿಲ್ಲ ಅಂದ್ರೆ ಹಬ್ಬ ನಿಂದೇ, ತಗಂಡೋಗು” ಎಂದುಬಿಟ್ಟರು. ಅಲ್ಲಿ ಕೂತಿದ್ದ ನಮ್ಮ ಅತ್ತೆಯ ಮುಖ ಸಣ್ಣದಾಯಿತು. ಅವರ ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ನಮ್ಮ ಮನೆಗೆ ಬರುವುದು ಆ ಹಬ್ಬಕ್ಕೇ. ಅವತ್ತು ಅತ್ತೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಎಲ್ಲರನ್ನೂ ಬೈಯುತ್ತಾ ಇರುವ ಸಂಭ್ರಮ ನೋಡಬೇಕು. ಹಬ್ಬ ಕಡೂರಿಗೆ ಹೋದರೆ ಅವರು ಬಸ್ಸು ಹತ್ತಿ ಹೋಗಿ ಇನ್ನೊಬ್ಬರ ಮನೆಯಲ್ಲಿ ನೆಂಟರ ಹಾಗೆ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

ಹೀಗೆ ನಮ್ಮ ಮನೆಗೆ ಏರ್‌ಗನ್ನು ಬಂತು. ಲೈಸೆನ್ಸು ಬೇಡದ ಗನ್ನು. ನಳಿಗೆಯನ್ನು ನಡುವೆ ಮಡಚಿ, ಡಮರುಗದ ಆಕಾರದ ಪುಟ್ಟ ಸೀಸದ ಗುಂಡಿಟ್ಟು, ಮತ್ತೆ ನೆಟ್ಟಗೆ ಮಾಡಿದರೆ ಸಿದ್ಧ; ಒಳಗಿನ ಸ್ಪ್ರಿಂಗು ಗಾಳಿಯನ್ನು ಒತ್ತಿ ಗುಂಡನ್ನು ನೂಕುತ್ತದೆ. ಅದು ಬಂದ ದಿನವೇ ನಮ್ಮವರಿಗೆ ತಾತನ ಹಾಗೆ ಮೊಲದ ಬೇಟೆಗೆ ಹೊರಡುವ ಉಮೇದು. ತರೀಕೆರೆಯಲ್ಲಿ ಅರಣ್ಯ ಇಲಾಖೆಯ ಕೆಲಸದಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ ವಿಚಾರಿಸಿದರು. “ಮೊಲ ಹಂಗಿರ್ಲಿ ಭಾವ, ಒಂದು ಕೌಜುಗದ ಪುಕ್ಕ ಉದುರಿದ್ರೂ ಕೇಸಾಗ್ತದೆ. ಆಮೇಲೆ ನಾನೇ ಬಂದು ನಿಮ್ಮನ್ನ ಜೀಪ್ ಹತ್ತಿಸ್ಬೇಕು. ಅಕ್ಕ ಆಮೇಲೆ ನನ್ ಮುಖ ನೋಡ್ತಾಳಾ?” ಎಂದ ಅವನು. “ನೋಡ್ತೀನಿ, ಹತ್ಸು ನೀನು” ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ. ಬೇಟೆಯ ಆಸೆ ಅಲ್ಲಿಗೆ ಮುಗಿಯಿತು. ಕೊನೆಗೆ ತಾರಸಿಯ ಮೇಲೆ ಮರಳು ತುಂಬಿದ ಗೋಣಿಚೀಲಗಳನ್ನು ಪೇರಿಸಿ, ಅದರ ಮುಂದೆ ಕರಟ ಕಟ್ಟಿ ಅಭ್ಯಾಸ ಶುರುವಾಯಿತು. ನಮ್ಮವರ ಭಂಗಿ ಮಾತ್ರ ಥೇಟ್ ತಾತನದೇ. ಮೀಸೆ ನೀವಿಕೊಳ್ಳುವುದೇನು, ಒಂದು ಕಾಲು ಮುಂದಿಡುವುದೇನು! ಗನ್ನಿನ ಕುದುರೆ, ಎಂದರೆ ಟ್ರಿಗರು, ಎಳೆಯುವ ಹೊತ್ತಿಗೆ ಸರಿಯಾಗಿ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು ಅಷ್ಟೆ. ತಾರಸಿಗೆ ಬರುವ ಮಂಗಗಳು ಮೊದಲೆರಡು ದಿನ ಹೆದರಿದವು. ಆಮೇಲೆ ಮೋಟುಗೋಡೆಯ ಮೇಲೆ ಸಾಲಾಗಿ, ಅದೂ ಕರಟದ ಪಕ್ಕದಲ್ಲಿಯೇ, ಕೂತು ನೋಡತೊಡಗಿದವು. ಎಲ್ಲಕ್ಕಿಂತ ಕ್ಷೇಮದ ಜಾಗ ಅದೇ ಎಂಬುದು ಅವಕ್ಕೆ ಹೊಳೆದಿರಬೇಕು. ಅವುಗಳ ಮೈಗೆ ತಗುಲೀತೆಂದು ನಮ್ಮವರು ಗನ್ನು ಕೆಳಗಿಟ್ಟು ಕೈಮುಗಿದು, “ಹೋಗ್ರಪ್ಪಾ, ಪ್ರಾಕ್ಟೀಸ್ ಮಾಡ್ಬೇಕು” ಎಂದು ಬೇಡಿಕೊಳ್ಳುತ್ತಿದ್ದರು.

ನಾನು ಗನ್ನು ಮುಟ್ಟಿದ್ದು ಹೆಸರುಕಾಳಿನ ದೆಸೆಯಿಂದ. ನಮ್ಮ ಹೊಲದ ಕಾಳು, ಒಡೆಸಿ ಬೇಳೆ ಮಾಡಿ ಭಾನುವಾರ ತಾರಸಿಯಲ್ಲಿ ಒಣಗಲು ಹರವಿದ್ದೆ. ಮಂಗ ಕಾಯಲು ಕೂತವಳಿಗೆ ಬೇಜಾರಾಗಿ, ಪಕ್ಕದಲ್ಲಿದ್ದ ಗನ್ನೆತ್ತಿ ಒಂದು ಗುಂಡಿಟ್ಟು ಹೊಡೆದೆ. ಕರಟ ಟಕ್ ಎಂದು ಗಿರಗಿರನೆ ತಿರುಗಿತು. ಮಂಗಗಳು ಎದ್ದು ಹೋದವು. ಇನ್ನೊಂದು ಹೊಡೆದೆ, ಅದೂ ಟಕ್. ನನ್ನ ಕಣ್ಣಿನ ವಿಷಯ ಇಲ್ಲಿ ಹೇಳಬೇಕು. ನನಗೆ ಚಾಳೀಸು ಬಂದಿದೆ. ಹತ್ತಿರದ್ದು ಮಸಕು, ದೂರದ್ದು ನಿಚ್ಚಳ. ಕನ್ನಡಕ ಮಾಡಿಸಿದ್ದೇನೆ, ಆದರೆ ಅದು ಶಾಲೆಯ ಚೀಲ ಬಿಟ್ಟು ಹೊರಗೆ ಬರುವುದಿಲ್ಲ. ಮನೆಯಲ್ಲಿ ಹಾಕಿಕೊಂಡರೆ ನಾನು ಅತ್ತೆಗೆ ಸೊಸೆಯ ಬದಲು ತಂಗಿಯ ಹಾಗೆ ಕಾಣುತ್ತೇನೆ. ಹೀಗಾಗಿ ಬೇಳೆ ಆರಿಸುವಾಗ ಒಂದೊಂದು ಕಲ್ಲು ಉಳಿದುಬಿಡುವುದುಂಟು. ಮನೆತುಂಬ ಗಟ್ಟಿ ಹಲ್ಲಿನವರಿದ್ದರೂ ಆ ಕಲ್ಲು ಹುಡುಕಿಕೊಂಡು ಹೋಗಿ ಅತ್ತೆಯ ಬಾಯಿಗೇ ಬೀಳುತ್ತದೆ. “ಲೇ ಗಿರಿಜಾ, ಆ ಕನ್ನಡಕ ಏನು ಸ್ಕೂಲ್ ಮಕ್ಳಿಗೆ ತೋರ್ಸಕ್ ತಗಂಡಿದೀಯಾ?” ಎಂದು ಅವರು ಕೇಳದ ವಾರವಿಲ್ಲ. ಬೇಳೆಯಲ್ಲಿ ಕಲ್ಲು ಕಾಣದ ಅದೇ ಕಣ್ಣಿಗೆ ದೂರದ ಕರಟ ಮಾತ್ರ ಪೂರ್ಣಚಂದ್ರನ ಹಾಗೆ ಕಾಣುತ್ತಿತ್ತು.

ಮಾರನೆಯ ದಿನ ಶಾಲೆಯಲ್ಲಿ ಈ ಸುದ್ದಿಯನ್ನು ನೂರ್‌ಜಹಾನ್ ಅವರ ಕಿವಿಗೆ ಹಾಕಿದೆ. ಅವರು ನಮ್ಮ ಶಾಲೆಯ ಪಿ.ಟಿ. ಟೀಚರು, ಕಾಲೇಜಿನಲ್ಲಿದ್ದಾಗ ಎನ್‌.ಸಿ.ಸಿ. ಸೇರಿ ರೈಫಲ್ ಹಿಡಿದವರು. “ಯಾ ಅಲ್ಲಾ, ಟ್ರಿಗರ್ ಕೀಳ್ತೀರಾ ನೀವು? ಕೀಳ್ಬಾರ್ದು ಮೇಡಂ, ಹಿಂಡ್ಬೇಕು. ಉಸ್ರು ತಗೊಳ್ಳಿ, ಅರ್ಧ ಬಿಡಿ, ಅಲ್ಲೇ ನಿಲ್ಸಿ. ಆವಾಗ ನಿಧಾನಕ್ಕೆ ನಿಂಬೆಹಣ್ಣು ಹಿಂಡ್ದಂಗೆ ಹಿಂಡಿ” ಎಂದು ಸ್ಟಾಫ್‌ರೂಮಿನಲ್ಲಿ ಸ್ಕೇಲು ಹಿಡಿದೇ ತೋರಿಸಿಕೊಟ್ಟರು. ಒಂದು ಭಾನುವಾರ ರೈಲು ಹತ್ತಿ ಮನೆಗೇ ಬಂದು, ನಾನು ಹೊಡೆಯುವುದನ್ನು ಕಣ್ಣಾರೆ ನೋಡಿ, ನನ್ನ ಬೆನ್ನಿಗೆ ಒಂದು ಗುದ್ದಿದರು. “ಇಷ್ಟು ದಿನ ವ್ಯಾಕರಣ ಹೇಳ್ಕೊಂಡು ಜಿಂದಗಿ ಹಾಳ್ಮಾಡ್ಕೊಂಡ್ರಲ್ಲ ಮೇಡಂ!” ನನಗೆ ಯಾವ ಸನ್ಮಾನದಲ್ಲೂ ಅಷ್ಟು ಹಿತವಾದ ಮಾತು ಕೇಳಿದ ನೆನಪಿಲ್ಲ.

ಆ ಭಾನುವಾರಗಳ ಸುಖವನ್ನು ಹೇಗೆ ಹೇಳಲಿ? ಮನೆಯಲ್ಲಿ ಕುಕ್ಕರು ಕೂಗುತ್ತದೆ, ಫೋನು ಬಡಿದುಕೊಳ್ಳುತ್ತದೆ, ಮೌಲ್ಯಮಾಪನದ ಕಟ್ಟು ಮೇಜಿನ ಮೇಲೆ ಕೂತು ನೋಡುತ್ತಿರುತ್ತದೆ. ಗನ್ನಿನ ಹಿಡಿಗೆ ಕೆನ್ನೆ ಆನಿಸಿ ಅರ್ಧ ಉಸಿರು ಬಿಟ್ಟು ನಿಂತ ಆ ಗಳಿಗೆಯಲ್ಲಿ ಇದ್ಯಾವುದೂ ಇರುವುದಿಲ್ಲ. ನಾನು, ಕರಟ, ನಡುವೆ ಒಂದಿಷ್ಟು ಗಾಳಿ. ಆಮೇಲೆ ಟಕ್. ಆ ಶಬ್ದ ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ನಾನು ಶಾಲೆಯಿಂದ ತಂದ ಸೀಮೆಸುಣ್ಣದ ತುಂಡಿನಲ್ಲಿ ಕರಟಗಳ ಮೇಲೆ ‘ಮೊಲ’, ‘ಕೌಜುಗ’, ‘ಬುರ್ಲಿ’ ಎಂದು ಬರೆಯುತ್ತಿದ್ದೆ. ದೊಡ್ಡ ಕರಟ ಮೊಲ, ಚಿಕ್ಕದು ಬುರ್ಲಿ. ಸಂಜೆ ಇಳಿಯುವ ಹೊತ್ತಿಗೆ ಮಡಿಲ ತುಂಬ ಬೇಟೆ! ತಾತನಿಗಾದರೂ ಕೆಲವು ದಿನ ಬರಿಗೈಯಲ್ಲಿ ಬರಬೇಕಾಗುತ್ತಿತ್ತೋ ಏನೋ, ನನಗೆ ಅದಿಲ್ಲ. ಯಾವ ಪ್ರಾಣಿಯೂ ಸಾಯಲಿಲ್ಲ, ನನ್ನ ತಮ್ಮ ಜೀಪು ತರಲಿಲ್ಲ. ಬೇಟೆಯನ್ನೆಲ್ಲ ಒಯ್ದು ಬಚ್ಚಲ ಒಲೆಯ ಪಕ್ಕದ ಕರಟದ ರಾಶಿಗೆ ಸುರಿದು ಸುಮ್ಮನಾಗುತ್ತಿದ್ದೆ. ಮನೆಯಲ್ಲಿ ಈ ವಿದ್ಯೆ ಗೊತ್ತಿದ್ದದ್ದು ನಮ್ಮವರಿಗೆ ಮಾತ್ರ. “ಹೇಳ್ಬೇಡ ಕಣೇ ಯಾರ್ಗೂ” ಎಂದು ಅವರು ಅಂಗಲಾಚಿದ್ದರಿಂದ ಬಾಯಿ ಬಿಗಿಹಿಡಿದಿದ್ದೆ. ನಾನು ಜೀವನದಲ್ಲಿ ಪಟ್ಟ ಕಷ್ಟಗಳಲ್ಲಿ ಅದು ದೊಡ್ಡದು.

ದಸರಾ ಬಂತು. ಆಯುಧಪೂಜೆಯ ದಿನ ಈಳಿಗೆಮಣೆ, ಮಚ್ಚು, ಮಿಕ್ಸಿ, ಸ್ಕೂಟರು ಎಲ್ಲವೂ ತೊಳೆಸಿಕೊಂಡು ವಿಭೂತಿ ಕುಂಕುಮ ಹಚ್ಚಿಸಿಕೊಂಡವು. ನಮ್ಮದು ಕೊಬ್ಬರಿಯ ಸೀಮೆ. ಇಲ್ಲಿ ತಲೆನೋವಿಗೂ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಕೊಬ್ಬರಿ ಎಣ್ಣೆ. ಅತ್ತೆ ಒಂದು ಬಟ್ಟಲು ಎಣ್ಣೆ ಹಿಡಿದು ಒಂದೊಂದು ಆಯುಧಕ್ಕೂ ಸವರುತ್ತಾ ಬಂದವರು ಏರ್‌ಗನ್ನಿನ ಮುಂದೆ ನಿಂತರು. ನಾಳೆ ಮನೆಯ ಮಾನ ಉಳಿಸಬೇಕಾದದ್ದು ಅದು ತಾನೇ? ಅದಕ್ಕೆ ಹೊರಗೆ ಸವರಿದರೆ ಸಾಲದೆಂದು ಕಂಡಿತು. “ಮಗ ಕಷ್ಟಪಟ್ಟು ಮಡಚ್ತಾನೆ ಪಾಪ, ಒಳಗೆಲ್ಲ ಒಣಗೈತೆ” ಎಂದು ನಳಿಗೆಯನ್ನು ಮಡಚಿಸಿಕೊಂಡು, ಗಾಳಿ ಬರುವ ತೂತಿನೊಳಕ್ಕೆ ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವ ಹಾಗೆ ಕೊಬ್ಬರಿ ಎಣ್ಣೆ ಕುಡಿಸಿದರು. ನಾನು ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದೆ, ನೋಡಲಿಲ್ಲ.

ವಿಜಯದಶಮಿಯ ದಿನ ಹಿತ್ತಿಲು ತುಂಬಿ ಹೋಯಿತು. ನಾದಿನಿಯರು, ಅವರ ಗಂಡಂದಿರು, ಮಕ್ಕಳು, ಕಡೂರಿನಿಂದ ಕಾರಿನಲ್ಲಿ ಭಾವನವರು. ನಮ್ಮವರು ಬೆಳಿಗ್ಗೆಯಿಂದ ಉಪವಾಸವಿದ್ದು ಮುಖ ಬಾಡಿಸಿಕೊಂಡಿದ್ದರು. ಗೋಡೆಗೆ ಮರಳುಚೀಲ ಒರಗಿಸಿ, ಅದರ ಮುಂದೆ ಬಾಳೆಕಂದು, ಅದರ ಮುಂದೆ ಕರಟ. ನಮ್ಮವರು ಮೀಸೆ ನೀವಿ, ಕಾಲು ಮುಂದಿಟ್ಟು, ಕಣ್ಣು ಮುಚ್ಚಿ ಹೊಡೆದರು ನೋಡಿ. ಢಮಾರ್! ಟಪ್ ಎನ್ನಬೇಕಾದ ಗನ್ನು ತಾತನ ಕೋವಿಯ ಹಾಗೆ ಗುಡುಗಿತು. ಗಾಳಿ ಒತ್ತಿದ ಬಿಸಿಗೆ ಒಳಗಿದ್ದ ಎಣ್ಣೆ ಉರಿದುಹೋಗಿತ್ತು. ನಳಿಗೆಯಿಂದ ಬಿಳಿ ಹೊಗೆ ಎದ್ದು, ಹಿತ್ತಿಲಿಗೆಲ್ಲ ಹಪ್ಪಳ ಕರಿದ ವಾಸನೆ ಹಬ್ಬಿತು. ಭಾವನವರು ಎರಡು ಹೆಜ್ಜೆ ಹಿಂದಕ್ಕೆ ಹಾರಿ ತುಳಸಿಕಟ್ಟೆ ಹಿಡಿದುಕೊಂಡರು. ಪಕ್ಕದ ಮನೆಯವರು ಗೋಡೆಯ ಮೇಲೆ ತಲೆಯಿಟ್ಟು, “ಏನ್ರೀ ಅದು, ಗ್ಯಾಸ್ ಸಿಲಿಂಡ್ರಾ?” ಎಂದು ಕೂಗಿದರು. ನಮ್ಮ ನಾದಿನಿಯರಿಗಂತೂ ಕಣ್ಣಲ್ಲಿ ನೀರೇ ಬಂತು. “ತಾತನ್ ಕೋವಿ ಸದ್ದೇ ಕಣೇ ಇದು!” ಎಲ್ಲರೂ ಚಪ್ಪಾಳೆ ತಟ್ಟಿದರು. ಕರಟ ಮಾತ್ರ ಕದಲಿರಲಿಲ್ಲ. ಅದಕ್ಕಿಂತ ಒಂದು ಮೊಳ ಮೇಲಕ್ಕೆ ಬಾಳೆ ಎಲೆಯಲ್ಲಿ ಒಂದು ತೂತು ಬಿದ್ದಿತ್ತು.

ಎರಡನೆಯ ಏಟಿಗೂ ಅದೇ ಗುಡುಗು, ಅದೇ ಹಪ್ಪಳ, ಮೊದಲ ತೂತಿನ ಪಕ್ಕದಲ್ಲಿಯೇ ಇನ್ನೊಂದು ತೂತು. ಭಾವನವರು ತುಳಸಿಕಟ್ಟೆ ಬಿಟ್ಟು ಮುಂದೆ ಬಂದು, ಆಗಲೇ ಗೆದ್ದವರ ಔದಾರ್ಯದಲ್ಲಿ, “ಇರ್ಲಿ ಬಿಡಪ್ಪಾ ಮಹೇಶ, ಬೇಜಾರ್ ಮಾಡ್ಕಬೇಡ. ಬರೋ ವರ್ಷ ಎಲ್ರೂ ಕಡೂರಿಗೇ ಬಂದ್ಬಿಡಿ” ಎಂದರು. ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಗುಂಡು ಎರಡು ಸಲವೂ ಮೇಲಕ್ಕೇ ಹೋದದ್ದು ನನಗೆ ಕಂಡಿತ್ತು. ಹಪ್ಪಳದ ವಾಸನೆಯಿಂದ, ಒಳಗೆ ಉರಿದ ಎಣ್ಣೆಯೇ ಅದನ್ನು ಮೇಲಕ್ಕೆ ಹಾರಿಸುತ್ತಿದೆಯೆಂಬುದೂ ಹೊಳೆದಿತ್ತು. ಒಂದೇ ಒಂದು ಏಟು ನನಗೆ ಕೊಟ್ಟಿದ್ದರೆ! ಆದರೆ ಕೇಳುವುದು ಹೇಗೆ, ಗಂಡನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ?

ಅಷ್ಟರಲ್ಲಿ ಅತ್ತೆ, “ಮಹೇಶ, ಅದನ್ನ ನಿನ್ ಹೆಂಡ್ತಿ ಕೈಗ್ ಕೊಡು” ಎಂದರು.

ಭಾವನವರು, “ಚಿಕ್ಕವ್ವ, ಏನ್ ಮಾತು ಅಂತ ಆಡ್ತೀಯ? ಹೆಣ್ಮಕ್ಳು ಹೊಡಿಯೋದಾ? ಪದ್ಧತಿ ಬ್ಯಾಡ್ವಾ?” ಎಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. “ಮನೆಯೋರು ಹೊಡೀಬೇಕು ಅನ್ನೋದು ಪದ್ಧತಿ. ಇವ್ಳೇನು ಪಕ್ಕದ್ಮನೆಯೋಳಾ? ನಾನು ದಿನಾ ಬಚ್ಚಲ ಒಲೆಗೆ ಕರಟ ಹಾಕೋಳು ಕಣಪ್ಪಾ. ದೇವ್ರು ತೆಂಗಿನಕಾಯಿಗೆ ಮೂರೇ ಕಣ್ಣು ಕೊಟ್ಟಿರೋದು. ನಾಕ್ನೇ ಕಣ್ಣು ಯಾವೋಳು ಕೊರೀತಾವ್ಳೆ ಅಂತ ನಂಗೊತ್ತಿಲ್ವಾ?” ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದಲ್ಲ, ನಗು ಕಾಣಬಾರದೆಂದು. ಭಾವನವರು ಬಿಡಲಿಲ್ಲ. “ಹೊಡಿಯೋರು ಉಪವಾಸ ಇರ್ಬೇಕಲ್ಲ?” ಆಗ ನಾನೇ ಬಾಯಿಬಿಟ್ಟೆ. “ಭಾವ, ಇಷ್ಟು ಜನಕ್ಕೆ ಹೋಳಿಗೆ ತಟ್ಟೋಳು ಬೆಳಿಗ್ಗೆಯಿಂದ ಏನು ತಿಂದಿರ್ತಾಳೆ? ಹಬ್ಬದ ದಿನ ಹೆಂಗಸ್ರಿಗೆ ಉಪವಾಸ ಬೇರೆ ಹೇಳ್ಕೊಡ್ಬೇಕಾ?” ನಾದಿನಿಯರೆಲ್ಲ ಒಟ್ಟಿಗೆ “ಹೌದ್ ಮತ್ತೆ!” ಎಂದರು. ನಮ್ಮವರು ಗನ್ನನ್ನು ನನ್ನ ಕೈಗಿಟ್ಟು, ಯಾರಿಗೂ ಕೇಳಿಸದ ಹಾಗೆ, “ಹೊಡಿ ಕಣೇ, ಮಾನ ಉಳ್ಸು” ಎಂದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ದೊಡ್ಡ ಭಾರ ಇಳಿಸಿದ ಕಳೆಯಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ನಳಿಗೆ ಮಡಚಿ ಗುಂಡಿಟ್ಟೆ. ಗುಂಡು ಮೇಲಕ್ಕೆ ಹಾರುತ್ತದೆಂದು ಕರಟವನ್ನು ಬಿಟ್ಟು ಅದಕ್ಕೆ ಒಂದು ಮೊಳ ಕೆಳಗೆ ಬಾಳೆಕಂದಿನ ಬುಡದತ್ತ ಗುರಿಯಿಟ್ಟೆ. ಹಿಂದೆ ಭಾವನವರು, “ಎಲ್ಲಿಗಿಡ್ತಾವ್ಳೆ ನೋಡ್ರೋ, ನೆಲಕ್ಕೆ!” ಎಂದು ನಕ್ಕದ್ದು ಕೇಳಿಸಿತು. ಉಸಿರು ತೆಗೆದುಕೊಂಡೆ, ಅರ್ಧ ಬಿಟ್ಟೆ, ನಿಂಬೆಹಣ್ಣು ಹಿಂಡಿದೆ. ಢಮಾರ್! ಹೊಗೆ ಕರಗಿದಾಗ ದಾರ ಬರಿದಾಗಿ ತೂಗಾಡುತ್ತಿತ್ತು, ಕರಟ ಎರಡು ಹೋಳಾಗಿ ನೆಲದ ಮೇಲೆ ಬಿದ್ದಿತ್ತು. ಅಬ್ಬಾ, ಆ ಗಲಾಟೆ! ನಾದಿನಿಯರು ನನ್ನನ್ನು ತಬ್ಬಿಕೊಂಡರು. ನಮ್ಮವರು ಊರಿಗೇ ಕೇಳಿಸುವಂತೆ ಶಿಳ್ಳೆ ಹಾಕಿದರು. ಭಾವನವರು, “ಗಾಳಿಗೆ ಬಿತ್ತು ಕಣ್ರೋ, ದಾರ ಹಳೇದು” ಎಂದರು. ಇವತ್ತಿಗೂ ಕಡೂರಿನಲ್ಲಿ ಹಾಗೇ ಹೇಳುತ್ತಿದ್ದಾರಂತೆ. ಅತ್ತೆ ಹೋಳುಗಳನ್ನು ಆಯ್ದು, ಒಡೆದಲ್ಲಿ ಮೆತ್ತಿಕೊಂಡಿದ್ದ ಸೀಸವನ್ನು ಅವರ ಮೂಗಿನ ಹತ್ತಿರ ಹಿಡಿದು ತೋರಿಸಿ, ದೇವರ ಮುಂದೆ ಇಟ್ಟು ಬಂದರು. “ನಮ್ಮನೆ ಹಬ್ಬ ನಮ್ಮನೇಲೇ” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು.

ಅವತ್ತು ನಾನು ಬಡಿಸಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಹಬ್ಬದ ದಿನ ಮೊದಲ ಪಂಕ್ತಿಯಲ್ಲಿ, ಅದೂ ಅತ್ತೆಯ ಪಕ್ಕದಲ್ಲಿ, ನನಗೆ ಎಲೆ ಹಾಕಿದರು. ನಾದಿನಿಯರು ಬಡಿಸುತ್ತಾ ಬಂದರು. ನಾನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ಹೇಗೆ ಗುರಿಯಿಟ್ಟೆ, ಹೇಗೆ ಉಸಿರು ಕಟ್ಟಿದೆ ಎಂದು ವರ್ಣಿಸತೊಡಗಿದೆ. ಮೊದಲ ಸಲ ಹೇಳುವಾಗ ಕರಟ ಸುಮ್ಮನೆ ನೇತಾಡುತ್ತಿತ್ತು. ಸಾರು ಬರುವ ಹೊತ್ತಿಗೆ ಅದು ಗಾಳಿಗೆ ಜೋರಾಗಿ ಓಲಾಡುತ್ತಿತ್ತು. ಮಜ್ಜಿಗೆ ಬರುವ ಹೊತ್ತಿಗೆ ಬಿಸಿಲು ನೇರವಾಗಿ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಎದುರಿಗೆ ಕೂತಿದ್ದ ನಮ್ಮವರು, “ಮೊಮ್ಮಗು ಹುಟ್ಟೋ ಹೊತ್ಗೆ ಚಿರತೆನೂ ಬೀಳ್ತದೆ” ಎಂದು ಮೀಸೆಯಲ್ಲೇ ನಕ್ಕರು. ನಾನು ಲಕ್ಷ್ಯ ಕೊಡದೆ, “ನನ್ ಕಣ್ಣು ಒಂದ್ಸಲ ಕೂತ್ರೆ ಕೂತ್ಹಂಗೇ ಕಣ್ರೀ, ಏನೂ ತಪ್ಪಿಸ್ಕಳಲ್ಲ” ಎಂದೆ.

ಕಟಕ್ ಎಂದು ಸದ್ದಾಯಿತು. ಪಂಕ್ತಿಯ ಆ ತುದಿಗೂ ಕೇಳಿಸಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿ, ಬಾಯಿಗೆ ಬೆರಳು ಹಾಕಿ, ಹೆಸರುಬೇಳೆ ಕೋಸಂಬರಿಯೊಳಗಿನ ಒಂದು ಕಲ್ಲನ್ನು ಹೊರಗೆ ತೆಗೆದು ಎಲೆಯ ಅಂಚಿನಲ್ಲಿಟ್ಟರು. ಕೆನ್ನೆ ಒತ್ತಿಕೊಂಡು ನನ್ನನ್ನೇ ನೋಡಿದರು. “ಒಪ್ಪಿದೆ ಕಣೇ ಗಿರಿಜಾ, ನಿನ್ ಗುರಿನ. ಇರೋದು ಒಂದೇ ದವಡೆ ಹಲ್ಲು, ಅದಕ್ಕೇ ಸರಿಯಾಗ್ ಹೊಡೆದೆ.”

ನಾನು ಎದ್ದು ಹೋಗಿ, ಶಾಲೆಯ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಬಂದು ಕೂತೆ. ನನ್ನ ಎಲೆಯ ಕೋಸಂಬರಿಯಲ್ಲಿ ಇನ್ನೂ ಎರಡು ಕಲ್ಲುಗಳಿದ್ದವು.